ಮಂಚದ ಕಾಲಿಗೆ ಸುತ್ತಿದ ತಂತಿ

ಒಂಚಾರಿ ಚಿಕ್ಕಪ್ಪನಷ್ಟು ಸಂಕೋಚದ ಮನುಷ್ಯ ನಮ್ಮ ಕಿಸಿ ಗುಡ್ಡಗಳಲ್ಲಿ ಇನ್ನೊಬ್ಬರಿಲ್ಲ. ಮೂವತ್ತು ವರ್ಷಗಳಿಂದ ಊರಿನ ತಗಡಿನ ಮಾಡುಗಳ ಮೇಲೆ ಟಿವಿ ಆಂಟೆನಾ ನಿಲ್ಲಿಸುತ್ತ ಬಂದವರು. ಆದರೆ ಮಕ್ಕಳ ಮನೆಯ, ಅಣ್ಣನ ಮಕ್ಕಳ ಮನೆಯ ಟಿವಿಯನ್ನು ಮಾತ್ರ ಕಣ್ಣಾರೆ ಕಂಡವರಲ್ಲ. ನಮ್ಮಲ್ಲಿ ಮಾವನಾದವನು ಸೊಸೆಯ ಹೊಸಿಲು ದಾಟುವುದಿಲ್ಲ. ಅವಳು ಮಲಗುವ ಜಾಗದ ಹೆಸರನ್ನಂತೂ ನಾಲಿಗೆಗೆ ತರುವುದಿಲ್ಲ. ಅಂಥ ಕಡೆ ಚಿಕ್ಕಪ್ಪ ಮಾಡಿನ ಮೇಲಿಂದಲೇ ಕೂಗಿ ಕೇಳುತ್ತಾರೆ: “ಚಿತ್ರ ಬಂತೇನೋ?”

ನಮ್ಮ ಮನೆಗೆ ಆಂಟೆನಾ ನಿಲ್ಲಿಸುವಾಗ ನಾನು ಅವರನ್ನು ಕರೆಯಲಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುವವನಿಗೆ ಅರ್ತಿಂಗ್ ಯಾವ ಮಹಾ? ಸಿಡಿಲು ಇಳಿದುಹೋಗಲು ಆಂಟೆನಾ ಕಂಬದ ತಂತಿ ನೆಲ ಮುಟ್ಟಬೇಕು, ಅಷ್ಟೇ. ತಂತಿ ಮೊಟಕಾಯಿತು. ಕಿಟಕಿಯಲ್ಲಿ ತೂರಿಸಿ ಕಬ್ಬಿಣದ ಮಂಚದ ಕಾಲಿಗೆ ಸುತ್ತಿದೆ. ಮಂಚ ನೆಲದ ಮೇಲೇ ಇತ್ತಲ್ಲ!

ವಾರದಲ್ಲಿ ಚಿತ್ರ ಮಸುಕಾಗಿ, ಕೊನೆಗೆ ಅವರನ್ನೇ ಕರೆದೆ. ಅವರು ಬಂದ ಮಧ್ಯಾಹ್ನ ನನ್ನ ಹೆಂಡತಿ ಬೊಸಿಬೊರಿ, ಜ್ವರದ ಮಗಳನ್ನು ತಬ್ಬಿಕೊಂಡು ಒಳಗೆ ಮಲಗಿದ್ದಳು. ಏಣಿ ಅರ್ಧ ಹತ್ತಿದ ಚಿಕ್ಕಪ್ಪನ ಕಣ್ಣಿಗೆ ಆ ತಂತಿ ಬಿತ್ತು. ಅಷ್ಟರಲ್ಲಿ ಮಾಂಗಾ ಗುಡ್ಡದ ಕಡೆ ಗುಡುಗಿತು. ಸರಸರ ಇಳಿದುಬಿಟ್ಟರು.

“ಗುಡುಗಿದ್ಮೇಲೆ ಏಣಿ ಮೇಲಿರಬಾರ್ದು. ಈ ತಂತಿ ಎಲ್ಲಿಗ್ಹೋಗುತ್ತೋ?”

“ಒಳಕ್ಕೆ, ಚಿಕ್ಕಪ್ಪ.”

“ಒಳಗೆ ಎಲ್ಲಿಗೆ?”

ಅವರ ಮುಂದೆ ಆಡುವ ಮಾತೇ ಅದು? ನನ್ನ ಚಪ್ಪಲಿ ನೋಡಿಕೊಂಡು ಹೇಳಿದೆ: “ಅದೇ... ನಾಲ್ಕು ಕಾಲಿಂದು.”

“ಮೇಜಾ?”

“ಅಲ್ಲ.”

“ಮತ್ತೇನು, ಹಸೂಗ್ ಕಟ್ಟಿದ್ಯಾ?”

ನಾನು ಕಿಟಕಿಯತ್ತ ಕಣ್ಣು ಹಾಯಿಸಿದೆ. ಅವರಿಗೆ ಹೊಳೆಯಿತು. ಟೋಪಿಯನ್ನು ಬಾಯಿಗೆ ಒತ್ತಿಕೊಂಡು ಒಂದು ಗಳಿಗೆ ನಿಂತರು. ಮತ್ತೆ ಗುಡುಗಿತು, ಈ ಸಲ ಹತ್ತಿರದಲ್ಲೇ. ಚಿಕ್ಕಪ್ಪ ಕಿಟಕಿಗೆ ಮುಖ ಮಾಡಿ, ಬೇಲಿಯಾಚೆಯವರಿಗೂ ಕೇಳುವ ಹಾಗೆ ಕೂಗಿದರು: “ಸೊಸೇ! ಮಂಚ ಬಿಟ್ಟು ಏಳು! ಮಗೂನ ಎತ್ಕೊಂಡು ಮುಂದಿನ ಕೋಣೆಗೆ ಓಡು! ತಂತಿ ಗಿಂತಿ ಮುಟ್ಬೇಡ!”

ಬೊಸಿಬೊರಿ ಓಡಿದಳು, ಹಿಂದೆಯೇ ನಾನು. ಚಿಕ್ಕಪ್ಪ ತಲೆ ತಗ್ಗಿಸಿ ಪಕ್ಕದ ಮನೆ ಸೇರಿದರು. ಮಳೆ ಶುರುವಾಗುವ ಮೊದಲೇ ಸಿಡಿಲು ಬಡಿಯಿತು. ಹೋಗಿ ನೋಡಿದರೆ ಮಂಚದ ಕಾಲು ಕರಿ ಹಿಡಿದಿತ್ತು. ಮಗಳು ಹೊದ್ದಿದ್ದ ಕಂಬಳಿಯಲ್ಲಿ ಅಂಗೈಯಗಲದ ತೂತು. ಆ ತೂತಿನಲ್ಲಿ ಕೈ ತೂರಿಸಿ ನೋಡಿದೆ.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಬಚ್ಚಲ ನೀರು ಹರಿದು ಸದಾ ಒದ್ದೆಯಿರುವ ಕಡೆ ಎಂಟಡಿಯ ತಾಮ್ರದ ಸರಳನ್ನು ಇಳಿಸಿದರು. ಕಂಬದಿಂದ ದಪ್ಪ ತಂತಿಯನ್ನು ಎಲ್ಲೂ ಸುತ್ತಿಸದೆ, ಗೋಡೆಯ ಹೊರಗೇ ನೇರವಾಗಿ ತಂದು ಅದಕ್ಕೆ ಬಿಗಿದರು. ಮೀಟರಿನ ಅರ್ತಿಂಗನ್ನೂ ಅದಕ್ಕೇ ಜೋಡಿಸಿದರು.

“ಇಷ್ಟಾದ್ರೂ ಗುಡುಗಿದ್ರೆ ಪ್ಲಗ್ ಕಿತ್ತಿಡಿ, ವಿಜ್ಞಾನದ ಮೇಷ್ಟ್ರೇ,” ಅಂದರು. ಮಗನೇ ಎನ್ನುವವರು ಅವತ್ತು ನನಗೆ ಬಹುವಚನ ಹಚ್ಚಿದರು. ಸರಿಯಾಗೇ ಉರಿಯಿತು.

ಬೊಸಿಬೊರಿ ರಾಗಿ ಮುದ್ದೆ, ಸೊಪ್ಪು ತಂದು ಮರದಡಿ ಇಟ್ಟು, ಮೂರು ಹೆಜ್ಜೆ ಆಚೆ ಮುಖ ತಿರುಗಿಸಿ ನಿಂತಳು. ಅವರು ಬೆನ್ನು ತಿರುಗಿಸಿ ಕೂತು ತಿಂದರು.

“ಮಗೂಗೆ ಜ್ವರ ಬಿಡ್ತಾ, ಕೇಳೋ ಅವಳನ್ನ.”

ಕೇಳಿದೆ.

“ಬಿಡ್ತು ಅಂತ ಮಾವಂಗೆ ಹೇಳಿ,” ಅಂದಳು ಬೊಸಿಬೊರಿ. ಹಿಂದೆಯೇ ಸೇರಿಸಿದಳು: “ಇನ್ನೊಂದು ಮುದ್ದೆ ಹಾಕಿಸ್ಕೊಳ್ಳೋವರೆಗೂ ಏಳಬಾರ್ದು ಅಂತಾನೂ ಹೇಳಿ.”