ಮೊದಲ ಪುಟದ ಮಹಬೂಬಸಾಬ

ಲಕ್ಷ್ಮೇಶ್ವರದ ಮಹಬೂಬಸಾಬ ಬಾವಿಗೆ ಬಿದ್ದವರನ್ನು ಮೇಲೆತ್ತುವವನು. ಮೂವತ್ತು ಅಡಿ ನೀರಿಗಿಳಿದು, ಕಣ್ಣು ಕಾಣದ ಕೆಸರಿನಲ್ಲಿ ಕೈಯಿಂದಲೇ ತಡಕುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರನ್ನೂ ಜೀವಂತವಾಗಿ ತಂದಿರಲಿಲ್ಲ. ಅವನಿಗೆ ಕರೆ ಬರುವುದೇ ಎಲ್ಲ ಮುಗಿದ ಮೇಲೆ.

ಹೋದ ವರ್ಷ ಶಿರಹಟ್ಟಿಯ ಹತ್ತಿರ ಒಬ್ಬ ಮುದುಕನ ಹೆಣ ಎರಡು ದಿನ ನೀರಲ್ಲೇ ಉಳಿಯಿತು. ಮನೆಯವರು ಫೋನಿನಲ್ಲಿ ಹುಡುಕಿ ಮೊದಲು ಕಂಡ ಹೆಸರಿಗೆ ಕರೆ ಮಾಡಿದ್ದರು. ಆ ಮನುಷ್ಯ ಬೇರೆ ಜಿಲ್ಲೆಯಿಂದ ಬರಬೇಕಿತ್ತು. ಮಹಬೂಬಸಾಬನ ಮನೆಯಿಂದ ಆ ಬಾವಿಗೆ ಅರ್ಧ ತಾಸಿನ ದಾರಿ. ಆದರೆ ಫೋನಿನ ಹುಡುಕಾಟದಲ್ಲಿ ಅವನ ಹೆಸರಿದ್ದದ್ದು ಮೂರನೇ ಪುಟದಲ್ಲಿ.

"ಹೆಣಾ ನೀರಾಗಿದ್ದಾಗ ಮೂರನೇ ಪುಟದ ಮಟಾ ಯಾರ ಹೊಕ್ಕಾರ, ಅಬ್ಬಾ?" ಎಂದಳು ಮಗಳು ನೂರೀನ.

ಮನೆಯಿಂದಲೇ ನಾಗಾವಿಗೆ ಓದಲು ಹೋಗಿಬರುತ್ತಿದ್ದ ಅವಳು ಅವನ ಊರು, ನಂಬರು, ಕೆಲಸ ಎಲ್ಲವನ್ನೂ ಅಂತರ್ಜಾಲದಲ್ಲಿ ಸರಿಯಾಗಿ ತುಂಬಿದಳು. ಕೆಲಸ ಮಾಡಿಸಿಕೊಂಡವರಿಗೆ ಎರಡು ಮಾತು ಬರೆಯಿರೆಂದು ಕೇಳಿಕೊಂಡಳು. ಒಬ್ಬರು ಬರೆದರು: "ನಮ್ಮ ತಮ್ಮನ ಮುಖ ಕೆಡದಂಗ ತೆಗೆದುಕೊಟ್ರು." ಕೆಳಗೆ ಐದು ನಕ್ಷತ್ರ. ಮಹಬೂಬಸಾಬ ಫೋನನ್ನು ಮಗುಚಿಟ್ಟ.

ನಾಲ್ಕು ತಿಂಗಳಲ್ಲಿ ಅವನ ಹೆಸರು ಮೊದಲ ಪುಟದ ತುದಿಗೇರಿತು. ಗದಗ, ಮುಂಡರಗಿ, ಎಲ್ಲಿ ಯಾರು ಬಿದ್ದರೂ ಖಬರ ಮೊದಲು ಅವನಿಗೇ. ಊಟದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಹೆಂಡತಿ ಮಾಸುಮಬಿ ತುತ್ತನ್ನು ತಟ್ಟೆಗಿಳಿಸುತ್ತಿದ್ದಳು.

ಒಂದು ಬೆಳಿಗ್ಗೆ ಹೆಂಗಸೊಬ್ಬಳ ಕರೆ ಬಂತು. ದನಿಯಲ್ಲಿ ಅವಸರವಿಲ್ಲ, ಅಳುವಿಲ್ಲ.

"ನಾಳೆ ಮುಂಜಾನಿ ಬರ್ತೀರೇನ್ರಿ? ಒಬ್ಬರನ್ನ ತೆಗೀಬೇಕಾಗೇತಿ."

"ನಾಳೆ ಯಾಕ್ರಿ? ಈಗ ಬರ್ತೀನಿ. ಯಾವಾಗ ಬಿದ್ದಾರ?"

"ಇನ್ನೂ ಬಿದ್ದಿಲ್ರಿ."

ಆ ದನಿಯ ಹಿಂದೆ ಬಾವಿಯೊಳಗಿನ ಪಾರಿವಾಳಗಳ ಸದ್ದಿತ್ತು. ಮಹಬೂಬಸಾಬ ಬೈಕಿನ ಕೀಲಿ ಕೈಗೆತ್ತಿಕೊಂಡ.

"ಬಾವಿ ನೋಡದ ಏನೂ ಹೇಳಾಕ ಬರಂಗಿಲ್ರಿ. ಎಲ್ಲಿ ಐತಿ?" ಎಂದು ಮೆಲ್ಲಗೆ ಕೇಳಿದ.

ಅವಳು ಶಿರಹಟ್ಟಿ ದಾರಿಯ ಒಂದು ಹೊಲ ಹೇಳಿದಳು. ಅವನು ಫೋನನ್ನು ಮಗಳ ಕೈಗಿಟ್ಟು ಬೈಕ್ ಹತ್ತಿದ. ನೂರೀನ ಮಾತು ತುಂಡಾಗಲು ಬಿಡಲಿಲ್ಲ.

ಹೊಲದಲ್ಲಿ ಯಾರೂ ಇರಲಿಲ್ಲ. ಬಾವಿಯ ದಂಡೆಯಲ್ಲಿ ಒಂದು ಜೊತೆ ಚಪ್ಪಲಿ, ಪಕ್ಕದಲ್ಲಿ ಮಡಿಚಿಟ್ಟ ಟವೆಲ್. ಬಗ್ಗಿ ನೋಡಿದರೆ, ಕೊನೆಯ ಮೆಟ್ಟಿಲ ಮೇಲೆ ನೀರಿಗೆ ಕಾಲು ಬಿಟ್ಟುಕೊಂಡು, ಫೋನು ಕಿವಿಗಿಟ್ಟು ನಡುವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು.

"ಜಲ್ದಿ ಬಂದ್ರಿ," ಎಂದಳು.

ಮಹಬೂಬಸಾಬ ಇಳಿದು ಸೊಂಟದವರೆಗೆ ನೀರಿನಲ್ಲಿ ಅವಳಿಗೆ ಅಡ್ಡವಾಗಿ ನಿಂತ. ಕಾರಣ ಕೇಳಲಿಲ್ಲ.

"ಮ್ಯಾಲಿನ ಟವೆಲ್ ಯಾರಿಗ್ರಿ, ಅಕ್ಕಾರ?"

"ನಿಮಗ. ತೊಯ್ಸಿಕೋತೀರಲ್ಲ."

ಹಾಗೆ ಹೇಳಿದ ಮೇಲೆ ಅವಳಿಗೆ ಅಳು ಬಂತು. ಬಹಳ ಹೊತ್ತು ಅತ್ತಳು. ಆಮೇಲೆ ಅವನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಹೆಸರು ಶಾರದವ್ವ. ಕೋಟುಮಚಗಿಯಿಂದ ತಂಗಿ ಬಂದು, ಡಾಕ್ಟರಿಗೆ ತೋರಿಸಿ, ತನ್ನ ಮನೆಗೆ ಕರೆದೊಯ್ದಳು. ಈಗಲೂ ಅಲ್ಲೇ ಇದ್ದಾಳೆ.

ನೂರೀನ ಅಪ್ಪನ ಹೆಸರಿನ ಕೆಳಗೆ ಹೊಸ ಸಾಲೊಂದನ್ನು ಸೇರಿಸಿದಳು: "ಬೀಳೂಕಿಂತ ಮೊದಲೂ ಫೋನ್ ಮಾಡ್ರಿ, ಬರ್ತೀವಿ."

ಅಂಥ ಕರೆ ಈವರೆಗೆ ಮೂರು ಬಂದಿವೆ.