ಹದಿನೇಳನೆಯ ಹಾಳೆಯ ಹಸಿರು ಗುರುತು

ಪ್ರತಿ ತಿಂಗಳ ಮೊದಲ ಭಾನುವಾರ ನಾನು ಕಪಾಟು ಒರೆಸುತ್ತೇನೆ. ಈ ಸಲ ಕೆಳಗಿನ ಖಾನೆಯಿಂದ ಒಂದು ಕಾಗದದ ಕಟ್ಟು ಜಾರಿ ಬಿತ್ತು. ಅಂಚಿನುದ್ದಕ್ಕೂ ತೂತುಗಳಿರುವ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಹಳೆಯ ಕಂಪ್ಯೂಟರ್ ಕಾಗದ. ಮೊದಲು ಪ್ರಿಂಟರ್ ರಿಬ್ಬನ್ನಿನ ಎಣ್ಣೆವಾಸನೆ ಬಂತು. ಅದರ ಹಿಂದೆಯೇ ಎಣಿಸುವ ದನಿ...

ಎಂಬತ್ತರ ದಶಕದ ಕೊನೆ. ಕೊಯಮತ್ತೂರಿನ ಹತ್ತಿರದ ತುಡಿಯಲೂರಿನಲ್ಲಿ ಕಟ್ಟಡಗಳ ಬಲವನ್ನು ಲೆಕ್ಕ ಹಾಕುವ ಸಣ್ಣ ಕಚೇರಿಯಲ್ಲಿದ್ದೆ. ಕಂಬ, ತೊಲೆ, ಭಾರಗಳ ವಿವರವನ್ನು ಫಾರಂನಲ್ಲಿ ತುಂಬಿ ಕೊಯಮತ್ತೂರಿನ ಕಂಪ್ಯೂಟರ್ ಕೇಂದ್ರಕ್ಕೆ ಕಳಿಸುವುದು ನನ್ನ ಕೆಲಸ. ಅಲ್ಲಿಂದ ಬಂದ ಕಟ್ಟನ್ನು ತಪಾಸಣೆ ಮಾಡುವವರು ಸಿರುಮುಗೈಯ ಮಗ್ಗದ ಮನೆಯಿಂದ ಬಂದ ಹಿರಿಯರು. ಅಣ್ಣಾ ಎನ್ನುತ್ತಿದ್ದೆ.

ಕಚೇರಿಯ ಕಟ್ಟಳೆ ಅವರದೇ. ಲೆಕ್ಕ ಮಾಡಿದವನಿಗೆ ನೀಲಿ ಪೆನ್ಸಿಲ್, ತಪಾಸಣೆಯವನಿಗೆ ಹಸಿರು. ಒಬ್ಬನೇ ಎರಡೂ ಆಗುವಂತಿಲ್ಲ. ಎರಡು ಸಹಿ ಬೀಳದೆ ನಕ್ಷೆ ಹೊಸಿಲು ದಾಟುವಂತಿಲ್ಲ. ನನ್ನ ಫಾರಂ ಅವರು ನೋಡುತ್ತಲೇ ಇರಲಿಲ್ಲ. ನಕ್ಷೆ ಹಿಡಿದು ಕಟ್ಟಡದ ತೂಕವನ್ನು ತಾವೇ ಲೆಕ್ಕ ಹಾಕಿ, ಕಂಪ್ಯೂಟರ್ ಕೊಟ್ಟ ಕಂಬಗಳ ಬುಡದ ಭಾರವನ್ನು ಕೂಡಿ, ತಾಳೆಯಾದರೆ ಮಾತ್ರ ಹಸಿರು ಗುರುತು.

"ಕಂಪ್ಯೂಟರ್ ಎಲ್ಲಾದ್ರೂ ತಪ್ಪು ಮಾಡ್ತದಾ ಅಣ್ಣಾ?" ಎಂದು ಒಮ್ಮೆ ಸಿಡುಕಿದ್ದೆ.

"ಅದು ಮಾಡಾದಿಲ್ಲ ಕಣ್ಣು, ನೀ ಮಾಡ್ತೀಯೆ. ನೀ ಕೊಟ್ಟದ್ದ ಅದು ಕೂಡ್ತದೆ. ಮರ್ತದ್ದ ಕೇಳಾದಿಲ್ಲ. ಹಾಸಲ್ಲಿ ಒಂದೆಳೆ ಬಿಟ್ರೆ ಮಗ್ಗ ಕೇಳ್ತದಾ?"

ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಗುನುಗುತ್ತಾ ಕೂಡುತ್ತಿದ್ದರು. ತಪ್ಪು ಸಿಕ್ಕಿದಲ್ಲಿ ದನಿ ಕತ್ತರಿಸಿದಂತೆ ನಿಲ್ಲುತ್ತಿತ್ತು. ನನ್ನದೂ ಕನ್ನಡದ ಮನೆಯೇ. ಆದರೆ ಓದಿದ್ದು ತಮಿಳು ಶಾಲೆ. ಇಪ್ಪತ್ತು ದಾಟಿದರೆ ನನ್ನ ಬಾಯಿಗೆ ತಮಿಳು ಸಂಖ್ಯೆಗಳೇ ಬರುತ್ತಿದ್ದವು.

ಒಂದು ಶನಿವಾರ ಮನೆಗೆ ಹೋದವರು ಸೋಮವಾರ ಬರಲಿಲ್ಲ. ಎದೆನೋವಂತೆ, ಭಾನುವಾರವೇ ತೀರಿಕೊಂಡರಂತೆ... ಮೂರನೆಯ ದಿನ ಅವರ ಮಗ ಬಂದು ಕೊಡೆ, ಊಟದ ಡಬ್ಬಿ, ಹಸಿರು ಪೆನ್ಸಿಲ್ ಎಲ್ಲ ಒಯ್ದ. ಅನ್ನೂರಿನ ಗಿರಣಿಯೊಂದರ ನೀರಿನ ತೊಟ್ಟಿಯ ಕಟ್ಟು ಮೇಜಿನ ಮೇಲೆಯೇ ಉಳಿಯಿತು. ಹದಿನಾರನೆಯ ಹಾಳೆಯವರೆಗೆ ಹಸಿರು ಗುರುತಿತ್ತು. ಮರುದಿನ ಬೆಳಿಗ್ಗೆ ಕಂಬಗಳಿಗೆ ಕಾಂಕ್ರೀಟ್. ಸಂಜೆಯ ಬಸ್ಸಿಗೆ ನಕ್ಷೆ ಹೋಗಬೇಕು.

"ನೀಯೇ ಪೋಟ್ಟುಡುಪ್ಪಾ," ಎಂದರು ಮ್ಯಾನೇಜರ್. ಎರಡನೆಯ ಸಹಿಯನ್ನೂ ನಾನೇ ಹಾಕಬೇಕೆಂದು.

ಅಣ್ಣನ ಕುರ್ಚಿಯಲ್ಲಿ ಕುಳಿತೆ. ಮಟಮಟ ಮಧ್ಯಾಹ್ನ. ಕರೆಂಟ್ ಹೋಗಿ ಫ್ಯಾನ್ ನಿಂತಿತು. ನೀಲಿ ಪೆನ್ಸಿಲ್ ಹಿಡಿದು ಸಹಿಯ ಜಾಗ ಹುಡುಕುತ್ತಾ ಹಾಳೆ ತಿರುವುತ್ತಿದ್ದೆ. ನಲವತ್ತೆರಡು... ಎಂಬತ್ತಾರು... ಯಾರೋ ಗುನುಗುತ್ತಿದ್ದರು. ತಿರುಗಿ ನೋಡಿದೆ. ಯಾರೂ ಇಲ್ಲ. ತುಟಿ ಮುಟ್ಟಿಕೊಂಡೆ. ಅಲುಗುತ್ತಿದ್ದುದು ನನ್ನ ತುಟಿಯೇ. ಕನ್ನಡದಲ್ಲಿ.

ಹದಿನೇಳನೆಯ ಹಾಳೆಯಲ್ಲಿ ದನಿ ನಿಂತಿತು. ಎಷ್ಟು ತಿಣುಕಿದರೂ ಮುಂದಿನ ಸಂಖ್ಯೆ ಬಾಯಿಂದ ಹೊರಡಲಿಲ್ಲ. ನಕ್ಷೆ ಬಿಚ್ಚಿ, ಅವರ ಹಾಗೆಯೇ ತೂಕ ಲೆಕ್ಕ ಹಾಕಿದೆ. ತಾಳೆಯಾಗಲಿಲ್ಲ. ತೊಟ್ಟಿಯೊಳಗಿನ ನೀರಿನಷ್ಟೇ ತೂಕ ಕಡಿಮೆ. ಫಾರಂನಲ್ಲಿ ನಾನು ತುಂಬಿದ್ದು ಖಾಲಿ ತೊಟ್ಟಿಯ ಭಾರ ಮಾತ್ರ. ಆ ತೊಟ್ಟಿಯ ಕೆಳಗೆ ದಿನವೂ ಹೆಂಗಸರು ನೂಲು ಸುತ್ತಲು ಕೂರುವವರಿದ್ದರು.

ಮ್ಯಾನೇಜರ್‌ಗೆ ಹೇಳಿದೆ. "ಯಾರ್ ಸೊನ್ನಾ?" ಎಂದರು. ಯಾರು ಹೇಳಿದರು?

"ಅಣ್ಣ," ಎಂದುಬಿಟ್ಟೆ.

ಅವರು ಖಾಲಿ ಕುರ್ಚಿಯನ್ನೊಮ್ಮೆ ನೋಡಿದರು. ಗಿರಣಿಗೆ ಫೋನ್ ಮಾಡಿ ಕಾಂಕ್ರೀಟ್ ನಿಲ್ಲಿಸಿದರು.

ಆಮೇಲೆ ಲೆಕ್ಕ ಹೊಸದಾಗಿ ಆಯಿತು, ಕಂಬಗಳು ದಪ್ಪವಾದವು. ರದ್ದಾದ ಈ ಕಟ್ಟನ್ನು ನಾನು ಮನೆಗೆ ತಂದೆ. ಈಗ ಮತ್ತೆ ಬಿಚ್ಚಿದ್ದೇನೆ. ಎರಡನೆಯ ಸಹಿಯ ಜಾಗ ಖಾಲಿಯಿದೆ. ಹದಿನೇಳನೆಯ ಹಾಳೆಯಲ್ಲಿ, ತಪ್ಪಿದ ಮೊತ್ತದ ಸುತ್ತ, ಒಂದು ಹಸಿರು ವೃತ್ತ. ಅಂದು ನನ್ನ ಕೈಯಲ್ಲಿದ್ದುದು ನೀಲಿ...

ಕನ್ನಡ ಅಕ್ಷರ ಕಲಿತದ್ದು ಅದಾದ ಮೇಲೆ. ಈಗ ಮಾತ್ರೆಗಳನ್ನೂ ಕನ್ನಡದಲ್ಲೇ ಎಣಿಸುತ್ತೇನೆ. ನಾನು ಮಾಡಿದ್ದನ್ನು ನೋಡಿ ತಿದ್ದುವವರು ಯಾರೂ ಉಳಿದಿಲ್ಲ. ಒಮ್ಮೊಮ್ಮೆ ಮಾತ್ರ ನಡುವೆ ದನಿ ತಾನಾಗಿ ನಿಲ್ಲುತ್ತದೆ. ಆಗ ಮೊದಲಿನಿಂದ ಎಣಿಸುತ್ತೇನೆ.