ಸೆರಗು ಬಾರದ ಸೀರೆ

ಬೆಳಗ್ಗೆ ಅಂಗಳ ಗುಡಿಸಿದೆ, ಹಾಲು ಕಾಯಿಸಿದೆ, ಮಾವನ ಪಂಚೆ ಒಗೆದು ಹರವಿದೆ, ಇಡ್ಲಿಗೆ ರುಬ್ಬಿಟ್ಟೆ. ಆಮೇಲೆ, ನಿನ್ನೆ ಮಗ್ಗ ಎದ್ದುಹೋದ ಕೋಣೆಯ ನೆಲವನ್ನು ಸೋಪು ಹಾಕಿ ಉಜ್ಜಿದೆ. ಎಣ್ಣೆಯ ವಾಸನೆ ಹೋಗಲಿಲ್ಲ. ಮಗ್ಗವಿದ್ದ ಮನೆ ನಿಮ್ಮದಾಗಿದ್ದರೆ ನಿಮಗೇ ಗೊತ್ತು, ಅದು ಸುಲಭಕ್ಕೆ ಬಿಡುವ ವಾಸನೆಯಲ್ಲ.

ದೊಡ್ಡಬಳ್ಳಾಪುರದ ನಮ್ಮ ಓಣಿಯಲ್ಲಿ ಒಂದೊಂದೇ ಮಗ್ಗ ನಿಂತಾಗ ಮಾವ ನಮ್ಮದನ್ನೂ ಮಾರೋಣವೆಂದರು. ನಮ್ಮ ಯಜಮಾನರು ಒಪ್ಪಲಿಲ್ಲ. ಪುಟ್ಟದೊಂದು ಸರ್ಕ್ಯೂಟ್ ಬೋರ್ಡು ತಂದು, ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು, ಮಗ್ಗವೇ ಎಳೆ ಎಣಿಸಿ, ಸೀರೆಯ ಒಡಲು ಮುಗಿದಲ್ಲಿ ಸೆರಗು ಶುರುಮಾಡುವಂತೆ ಮಾಡುತ್ತೇನೆಂದರು.

"ಒಂದು ಹಾಸು ನೋಡ್ತೀನಿ ಕಣ್ಲಾ. ಸರಿಹೋದ್ರೆ ಮಗ್ಗ ಇರ್ಲಿ," ಎಂದರು ಮಾವ.

ಹಾಸು ಎಂದರೆ ಮಗ್ಗಕ್ಕೆ ಒಮ್ಮೆ ಏರಿಸುವ ಉದ್ದನೆಯ ನೂಲು. ಅದರಲ್ಲಿ ಹಲವು ಸೀರೆ ಬರುತ್ತವೆ. ಅದು ಮುಗಿಯುವ ತನಕ ನಮ್ಮ ಮನೆಯಲ್ಲಿ ಸೀರೆ ಕತ್ತರಿಸುವುದಿಲ್ಲ, ಲೆಕ್ಕವನ್ನು ಮತ್ತೆ ಸೊನ್ನೆಯಿಂದ ಹಿಡಿಯುವುದೂ ಇಲ್ಲ. ಇವರು ಪ್ರೋಗ್ರಾಮಿನಲ್ಲೂ ಹಾಗೇ ಎಣಿಸಿದರು. ಎಣಿಕೆಯನ್ನು ಇಂಟ್ ಎಂಬ ಡಬ್ಬಿಯಲ್ಲಿಟ್ಟರು. ಮೊದಲು ಪರೀಕ್ಷಿಸಿ ನೋಡಿದ ಲ್ಯಾಪ್‌ಟಾಪಿನಲ್ಲಿ ಆ ಡಬ್ಬಿ ಇನ್ನೂರು ಕೋಟಿ ದಾಟಿದರೂ ತಾಳುತ್ತಿತ್ತು. ಅದೇ ಹೆಸರಿನ ಡಬ್ಬಿ ಬೋರ್ಡಿನಲ್ಲಿ ಮೂವತ್ತೆರಡು ಸಾವಿರ ಚಿಲ್ಲರೆಗೇ ತುಂಬಿ, ಮುಂದಿನ ಎಳೆಗೆ ಸೊನ್ನೆಗಿಂತ ಕೆಳಕ್ಕೆ ಜಾರಿತು. ಇಂಟ್ ಎಲ್ಲ ಕಡೆ ಒಂದೇ ಅಳತೆ ಎಂದು ಸಿ ಭಾಷೆ ಮಾತೇ ಕೊಟ್ಟಿಲ್ಲವಂತೆ. ನಗಲಾರೆ, ತವರಿನ ಲೋಟದ ಅಂದಾಜಿಗೆ ಇಲ್ಲಿಯ ಲೋಟದಲ್ಲಿ ಅನ್ನಕ್ಕೆ ನೀರಿಟ್ಟು, ಮದುವೆಯಾದ ಹೊಸತರಲ್ಲಿ ಎಲ್ಲರಿಗೂ ಗಂಜಿ ಬಡಿಸಿದವಳು ನಾನು.

ಎರಡು ಸೀರೆ ಚೆನ್ನಾಗಿ ಬಂದವು. ಮೂರನೆಯದಕ್ಕೆ ಮಾವ ಮಗ್ಗದ ಪಕ್ಕ ಕೂತರು.

"ಏನ್ಲಾ, ಒಡಲೇ ಮುಗೀತಿಲ್ಲ. ಸೆರಗೆಲ್ಲಿ?"

"ತಡಿಯಪ್ಪ, ಎಣಿಸ್ತೈತೆ."

"ಎಣಿಸ್ಲಿ ಎಣಿಸ್ಲಿ. ಉಡೋಳೇನು ಆನೆನಾ?"

ನಾನು ನಕ್ಕುಬಿಟ್ಟೆ. ಇವರು ಮಗ್ಗ ನಿಲ್ಲಿಸಗೊಡಲಿಲ್ಲ. ಎಣಿಕೆ ಸೆರಗಿನ ಅಂಕಿ ಮುಟ್ಟಲೇ ಇಲ್ಲ; ಹಾಸು ಮುಗಿಯಿತು, ಉಳಿದ ರೇಷ್ಮೆಯೆಲ್ಲ ಒಂದೇ ಒಡಲಾಗಿತ್ತು. ಕೂಲಿಗೆ ನೇಯಲು ನೂಲು ಕೊಟ್ಟವರು ಇನ್ನೊಂದು ಹಾಸು ಕೊಡಲಿಲ್ಲ. ಮಾವ ಗುಜರಿಯವನಿಗೆ ಹೇಳಿ ಕಳಿಸಿದರು.

ತಿದ್ದಲು ಒಂದೇ ಸಾಲು ಸಾಕಾಯಿತು. ಇವರು ಇಂಟ್ ತೆಗೆದು int32_t ಎಂದು ಬರೆದರು; ಯಾವ ಯಂತ್ರಕ್ಕೆ ಹೋದರೂ ಮೂವತ್ತೆರಡು ಬಿಟ್‌ಗಳ, ಅಂದರೆ ಲ್ಯಾಪ್‌ಟಾಪಿನಷ್ಟೇ ದೊಡ್ಡ, ಡಬ್ಬಿಯೇ ಬೇಕು ಎಂದು ಹೆಸರಲ್ಲೇ ಹೇಳಿದ ಹಾಗೆ. ಮೇಜಿನ ಮೇಲೆ ಬೋರ್ಡು ಈಗ ಲಕ್ಷ ದಾಟಿಯೂ ಎಣಿಸುತ್ತಿದೆ.

"ಅದನ್ನಾದ್ರೂ ಆಫ್ ಮಾಡ್ರೀ," ಎಂದೆ ಸಂಜೆ.

"ಇರ್ಲಿ ಬಿಡು. ಈಗ ಸರಿಯಾಗೈತೆ."

ತಪ್ಪು ಸಿಕ್ಕಿಬಿಟ್ಟರೆ ಅರ್ಧ ಕಷ್ಟ ಕಳೆಯಿತು ಎಂದು ನಂಬಿಕೊಂಡು ಬಂದವಳು ನಾನು. ಇನ್ನು ನಂಬುವುದು ಕಷ್ಟ.

ರಾತ್ರಿ ಅನ್ನ, ತಿಳಿಸಾರು, ಸುಟ್ಟ ಹಪ್ಪಳ. ಮೊದಲು ನಿದ್ದೆ ಹೋದವರು ಇವರು. ಮಾರೋಣವೆಂದಿದ್ದ ಮಾವನೇ, ಮಗ್ಗದ ಸದ್ದಿಲ್ಲದ ಮನೆಯಲ್ಲಿ ಎದ್ದು ಕೂತಿದ್ದರು.